ಹಪ್ಪಳದ ದುಡ್ಡಿನ ಹಲಸಿನ ಮೇಜು: ಒಂದು ಮಳೆಗಾಲ ಕಳೆದ ಮೇಲೆ

ನಮ್ಮ ಮನೆಗೆ ಓದುವ ಮೇಜು ಅಂತ ಮೊದಲು ಬಂದದ್ದು ರಟ್ಟಿನ ಪೆಟ್ಟಿಗೆಯಲ್ಲಿ. ಹೋದ ವರ್ಷ ಜೂನ್ ತಿಂಗಳು. ಮಗಳು ಆಗಷ್ಟೇ ಒಂಬತ್ತನೇ ಕ್ಲಾಸಿಗೆ ಹೋಗಿದ್ದಳು. ಆನ್‌ಲೈನಿನಲ್ಲಿ 4,299 ರೂಪಾಯಿ. ಫೋಟೊದಲ್ಲಿ ಬಿಳಿ ಗೋಡೆ, ಬಿಳಿ ಮೇಜು, ಮೇಲೊಂದು ಪುಟ್ಟ ಹೂವಿನ ಕುಂಡ. ನಮ್ಮನೆಯವರು ಇಡೀ ಭಾನುವಾರ ಕೂತು ಸ್ಕ್ರೂ ತಿರುಗಿಸಿ ನಿಲ್ಲಿಸಿದರು. ಚಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಷಾಢ ಮುಗಿಯುವ ಹೊತ್ತಿಗೆ ಅದರ ಕಾಲು ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗೆ ಊದಿಕೊಂಡಿತು. ಶ್ರಾವಣದಲ್ಲಿ ಅಂಚಿನ ಪಟ್ಟಿ ಕಿತ್ತು ಬಂತು. ನವರಾತ್ರಿಗೆ ಒಂದು ಮೂಲೆಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದೆವು.

ನಾವಿರುವುದು ಶಿರಸಿಯಿಂದ ಹುಲೇಕಲ್ ಕಡೆಗೆ, ತೋಟದ ಪಕ್ಕದ ಹಳೆ ಹೆಂಚಿನ ಮನೆಯಲ್ಲಿ. ಇಲ್ಲಿ ಜುಲೈನಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ದೇವರ ಫೋಟೊದ ಹಿಂದಿನ ರಟ್ಟಿಗೆ ಬೂಸ್ಟು ಹಿಡಿಯುತ್ತದೆ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಪುಡಿ, ಚೂರು ಎಲ್ಲ ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಮೇಲೆ ಬಣ್ಣದ ಹಾಳೆ ಅಂಟಿಸಿರುತ್ತಾರೆ ಅಷ್ಟೇ. ಸ್ಕ್ರೂ ಹೋದ ತೂತು, ಕತ್ತರಿಸಿದ ಅಂಚು, ಇಲ್ಲೆಲ್ಲ ತೇವ ಒಳಗೆ ಹೋಗುತ್ತದೆ. ಒಮ್ಮೆ ಊದಿದ್ದು ಬಿಸಿಲಿಗಿಟ್ಟರೂ ಮೊದಲಿನ ಹಾಗೆ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಇಂಥದ್ದೇ ಮೇಜು ಐದು ವರ್ಷದಿಂದ ಗಟ್ಟಿಯಾಗಿ ನಿಂತಿದೆ. ಹಾಗಾಗಿ ಅದು ಕೆಟ್ಟ ಮೇಜು ಅಂತ ನಾನು ಹೇಳುವುದಿಲ್ಲ. ನಮ್ಮ ಮಳೆಗೆ ಹೇಳಿ ಮಾಡಿಸಿದ್ದಲ್ಲ, ಅಷ್ಟೇ.

ಈ ವರ್ಷ ಎಸ್ಸೆಸ್ಸೆಲ್ಸಿ. ಇಟ್ಟಿಗೆ ಕೊಟ್ಟ ಮೇಜಿನ ಮೇಲೆ ಇನ್ನೊಂದು ಮಳೆಗಾಲ ಸಾಧ್ಯವಿರಲಿಲ್ಲ. ನನ್ನ ಹತ್ತಿರ ಹಲಸಿನ ಹಪ್ಪಳ ಮಾರಿದ ದುಡ್ಡು ಇತ್ತು. ಅಟ್ಟದ ಮೇಲೆ ಮಾವನವರ ಕಾಲದಲ್ಲಿ ಕೊಯ್ಸಿಟ್ಟ ಹಲಸಿನ ಹಲಗೆ ಇದ್ದವು, ಎರಡು ಅಗಲದ್ದು, ನಾಲ್ಕೈದು ಸಣ್ಣವು. ಹೊಗೆ ಕುಡಿದು ಕುಡಿದು ಕಪ್ಪಾಗಿದ್ದವು. ಇವನ್ನು ಏನು ಮಾಡಬಹುದು ಅಂತ ಊರಿನ ಬಡಗಿ ಆಚಾರ್ರನ್ನು ಕೇಳಿದೆ. ಅವರು ಉಗುರಿನಿಂದ ಕೆರೆದು ನೋಡಿದರು. ಒಳಗೆ ಅರಿಶಿನ ಬಣ್ಣ ಕಂಡಿತು. "ಇದನ್ನ ಇಟ್ಕೊಂಡು ಮೇಜು ಪೇಟೆಯಿಂದ ತಂದ್ರಾ ಅಮ್ಮಾ?" ಅಂದರು. ನಾನು ಸುಮ್ನೆ ಚಹಾ ತರಲು ಒಳಗೆ ಹೋದೆ.

"ನಾಡಿದ್ದು ಬರ್ತೇನೆ" ಅಂದವರು ಬಂದದ್ದು ಇಪ್ಪತ್ತೆರಡು ದಿನ ಬಿಟ್ಟು. ಈ ವಿಷಯಕ್ಕೆ ಅಂಕ ಕೊಡುವುದಾದರೆ ಸೊನ್ನೆ. ಆದರೆ ಬಂದ ದಿನ ಮೊದಲು ಮಾಡಿದ ಕೆಲಸ ನೋಡಿ ನನಗೆ ಸಿಟ್ಟೆಲ್ಲ ಇಳಿಯಿತು. ಅವರು ಹಲಗೆ ಮುಟ್ಟಲಿಲ್ಲ. ಮಗಳನ್ನು ಕರೆದರು. ಅವಳು ದಿನಾ ಕೂರುವ ಕುರ್ಚಿಯನ್ನೇ ತರಿಸಿ ಕೂರಿಸಿದರು. ಬೆನ್ನು ನೆಟ್ಟಗೆ, ಭುಜ ಸಡಿಲ, ಮೊಣಕೈ ಮಡಚು ಅಂದರು. ನೆಲದಿಂದ ಮೊಣಕೈವರೆಗೆ ಟೇಪು ಹಿಡಿದರು. ಇಪ್ಪತ್ತಾರೂವರೆ ಇಂಚು. "ಮೇಜು ಇಷ್ಟೇ ಎತ್ತರ" ಅಂದರು.

ನಾನು ಒಳಗೆ ಹೋಗಿ ಹಳೆ ಬಿಳಿ ಮೇಜು ಅಳೆದೆ. ಮೂವತ್ತು ಇಂಚು. ಅಂಗಡಿಯಲ್ಲಿ ಸಿಗುವ ಮೇಜುಗಳೆಲ್ಲ ಹೆಚ್ಚುಕಡಿಮೆ ಇಷ್ಟೇ ಇರುತ್ತವೆ, ಎತ್ತರದ ಆಳಿಗೆ ಸರಿಯಾಗಿ. ನನ್ನ ಮಗಳು ಐದಡಿ ಒಂದಿಂಚು. ವರ್ಷವಿಡೀ ಅವಳು ಭುಜ ಎತ್ತಿಕೊಂಡು ಬರೆದಿದ್ದಾಳೆ. ಕುತ್ತಿಗೆ ನೋವು ಅಂದಾಗಲೆಲ್ಲ ನಾನು "ಮೊಬೈಲ್ ನೋಡಿದ್ದು ಜಾಸ್ತಿಯಾಯ್ತು" ಅಂತ ಬೈದಿದ್ದೇನೆ. ಮೂರೂವರೆ ಇಂಚಿನ ತಪ್ಪು ನನ್ನದು.

ಮೂರು ದಿನದ ಕೆಲಸ. ಮೇಲಿನ ಹಲಗೆ ನಾಲ್ಕಡಿ ಉದ್ದ, ಎರಡಡಿ ಅಗಲ. ಪುಸ್ತಕ ತೆರೆದಿಟ್ಟು, ಪಕ್ಕದಲ್ಲಿ ನೋಟ್ ಬುಕ್ ಇಟ್ಟು, ಮತ್ತೂ ಮೊಣಕೈಗೆ ಜಾಗ ಉಳಿಯುತ್ತದೆ. ಕಾಲುಗಳನ್ನು ಚೌಕಟ್ಟಿಗೆ ಕೂರಿಸಿದ್ದು ಮೊಳೆ ಹೊಡೆದಲ್ಲ, ತೂತು ಕೊರೆದು, ತುದಿ ತೂರಿಸಿ, ಬೆಣೆ ಹೊಡೆದು. ಮೇಲಿನ ಹಲಗೆಗೆ ಮಾತ್ರ ಅಡಿಯಿಂದ ಸ್ಕ್ರೂ. ಅದರ ತೂತನ್ನೂ ದುಂಡಗೆ ಮಾಡದೆ ಹಲಗೆಯ ಅಗಲದ ದಿಕ್ಕಿಗೆ ಸೀಳಿದ ಹಾಗೆ ಬಿಟ್ಟಿದ್ದಾರೆ. ಯಾಕೆ ಅಂತ ಕೇಳಿದೆ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ. ಬಿಗಿಯಾಗಿ ಹಿಡಿದರೆ ಹಲಗೆ ಸೀಳುತ್ತದೆ. ಅದಕ್ಕೆ ಸ್ಕ್ರೂಗೆ ಆಚೀಚೆ ಓಡಾಡಲು ಜಾಗ. ಈಗ ನವೆಂಬರ್. ಮಳೆಗಾಲ ಪೂರ್ತಿ ಕಳೆದಿದೆ. ಹಲಗೆ ಸೀಳಲಿಲ್ಲ, ಡೊಂಕಾಗಲಿಲ್ಲ, ನಾಲ್ಕು ಕಾಲೂ ನೆಲಕ್ಕೆ ಕೂತಿವೆ.

ಗೆದ್ದಲಿಗೆಂದು ಕಾಲಿನ ತಳಕ್ಕೆ ಗೇರೆಣ್ಣೆ ಬಳಿದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ದೋಣಿಗೂ ಬಳಿಯುತ್ತಾರೆ. ಒಂದು ಮಾತು ಮಾತ್ರ: ಅದು ಚರ್ಮ ಸುಡುತ್ತದೆ. ಕೈ ತಾಗುವ ಜಾಗಕ್ಕೆ ಬೇಡವೇ ಬೇಡ. ವಾಸನೆ ಹೋಗಲು ಹದಿನೈದು ದಿನ ಬೇಕಾಯಿತು. ಮೇಲಿನ ಹಲಗೆಗೆ ನಾನೇ ಕೂತು ಸ್ಯಾಂಡ್ ಪೇಪರ್ ತಿಕ್ಕಿ ಅಗಸೆ ಎಣ್ಣೆ ಹಚ್ಚಿದೆ, ತೆಳ್ಳಗೆ ಮೂರು ಸಲ. ಫ್ರೆಂಚ್ ಪಾಲಿಶ್ ಹೊಡೆಸು, ಕನ್ನಡಿ ಹಾಗೆ ಹೊಳೆಯುತ್ತದೆ ಅಂತ ನಾದಿನಿ ಹೇಳಿದಳು. ಅದು ಅರಗಿನಿಂದ ಮಾಡಿದ್ದು. ಬಿಸಿ ಲೋಟ ಇಟ್ಟರೆ ಬಿಳಿ ವೃತ್ತ ಬೀಳುತ್ತದೆ. ಓದುವ ಮೇಜಿಗೆ ಬಿಸಿ ಲೋಟ ಬರದೇ ಇರುತ್ತದೆಯೇ? ಮತ್ತೆ ಹೊಳೆಯುವ ಮೇಜಿನ ಮೇಲೆ ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಎಣ್ಣೆ ಹಚ್ಚಿದ್ದು ಮಂಕಾಗಿದೆ. ಅದೇ ಒಳ್ಳೆಯದಾಯಿತು.

ಖರ್ಚು: ಕೂಲಿ ದಿನಕ್ಕೆ 1,300ರಂತೆ 3,900. ಸ್ಕ್ರೂ, ಎಣ್ಣೆ, ಪೇಪರ್ ಎಲ್ಲ ಸೇರಿ 650. ಒಟ್ಟು 4,550. ಜೊತೆಗೆ ಮೂರು ದಿನ ಊಟ, ಲೆಕ್ಕವಿಲ್ಲದಷ್ಟು ಚಹಾ. ಬಿಳಿ ಮೇಜಿಗಿಂತ 251 ರೂಪಾಯಿ ಜಾಸ್ತಿ. ಆದರೆ ಹಲಗೆ ನಮ್ಮದೇ ಇತ್ತು ಅನ್ನುವುದನ್ನು ಮರೆಯಬೇಡಿ. ಅಷ್ಟು ಅಗಲದ ಒಣಗಿದ ಹಲಸನ್ನು ಕೊಂಡು ಮಾಡಿಸಿದರೆ ಈ ದುಡ್ಡಿಗೆ ಆಗುವುದಿಲ್ಲ.

ಮೇಜು ಎಲ್ಲಿಡುವುದು ಅನ್ನುವುದೇ ಇನ್ನೊಂದು ರಾಮಾಯಣ. ಜಗುಲಿಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಆದರೆ ಬಂದವರೆಲ್ಲ ಕವಳ (ಎಲೆ ಅಡಿಕೆ) ಹಾಕಲು ಅಲ್ಲೇ ಕೂರುತ್ತಾರೆ. ಪ್ರತಿಯೊಬ್ಬರದ್ದೂ ಒಂದೇ ಪ್ರಶ್ನೆ: "ಎಷ್ಟನೇ ಕ್ಲಾಸೇ ಕೂಸೆ?" ಅವಳು ಉತ್ತರ ಹೇಳಿ ಪುಸ್ತಕಕ್ಕೆ ತಲೆ ಹಾಕುವಷ್ಟರಲ್ಲಿ ಮುಂದಿನವರು. ಇನ್ನು ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾದರೆ ಜಗುಲಿ ಅಂಗಳ ಎಲ್ಲ ಅಡಿಕೆಯದ್ದೇ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವವರ ಸಾಲು, ಅವರ ಕತೆ, ನಗು. ಅಂಥ ಕತೆ ಬಿಟ್ಟು ಬೀಜಗಣಿತ ಓದುವ ಮಕ್ಕಳಿದ್ದರೆ ಅವರಿಗೆ ಮೇಜೇ ಬೇಡ. ಊಟದ ಕೋಣೆಯಲ್ಲಿ ಒಗ್ಗರಣೆ ಘಾಟು. ಒಳಕೋಣೆಯಲ್ಲಿ ಮಾವನವರ ಫೋನಿನಿಂದ ಯಕ್ಷಗಾನ. ಅವರಿಗೆ ಕಿವಿ ಕಡಿಮೆ, ಚಂಡೆ ಜೋರು.

ಉಳಿದದ್ದು ಮೆತ್ತು, ಅಂದರೆ ಮಹಡಿ. ಮೆತ್ತಿನ ಮೇಲೆ ಪೂರ್ವಕ್ಕೊಂದು ಕಿಟಕಿ, ಎದುರಿಗೆ ತೋಟ. ಕಣ್ಣು ದಣಿದಾಗ ದೂರ ನೋಡಬೇಕು ಅನ್ನುತ್ತಾರಲ್ಲ, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗೆ ಇಪ್ಪತ್ತು ಸೆಕೆಂಡು. ಇಲ್ಲಿ ಇಪ್ಪತ್ತಲ್ಲ, ಇನ್ನೂರು ಅಡಿ ನೋಡಬಹುದು. ಕತ್ತಲೆ ಅಂತ ಮಾಡಿನಲ್ಲಿ ಎರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದೆವು. ಹಗಲು ದೀಪವೇ ಬೇಡ. ಆದರೆ ನಡುಮಧ್ಯಾಹ್ನ ಬಿಸಿಲಿನ ಚೌಕ ನೇರ ಪುಸ್ತಕದ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ. ಮೇಜನ್ನು ಎರಡಡಿ ಪಕ್ಕಕ್ಕೆ ಸರಿಸಬೇಕಾಯಿತು. ಹಾಕಿಸುವವರು ಮೊದಲು ಮೇಜಿನ ಜಾಗ ಗೊತ್ತು ಮಾಡಿ, ಆಮೇಲೆ ಹೆಂಚು ತೆಗೆಯಿರಿ. ನಾವು ಉಲ್ಟಾ ಮಾಡಿದೆವು. ಸೆಪ್ಟೆಂಬರಿನಲ್ಲಿ ಒಂದು ಗಾಜಿನ ಹೆಂಚನ್ನು ಮಂಗ ಒಡೆಯಿತು. ಅದಕ್ಕೆ ಗ್ಯಾರಂಟಿ ಯಾರೂ ಕೊಡುವುದಿಲ್ಲ.

ಗೋಡೆಗೆ ಮೇಜು ತಾಗಿಸಿಲ್ಲ. ನಾಲ್ಕು ಬೆರಳು ಬಿಟ್ಟಿದ್ದೇವೆ, ಗಾಳಿಯಾಡಲಿ ಅಂತ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ತಾಗಿಸಿಟ್ಟ ಪುಸ್ತಕದ ಕಪಾಟಿನ ಹಿಂಬದಿ ಬೂಸ್ಟು ಹಿಡಿಯಿತು, ಮೇಜಿಗೆ ಹಿಡಿಯಲಿಲ್ಲ. ಹಾಳೆಗಳು ಮಾತ್ರ ಮೆತ್ತಗಾಗುತ್ತವೆ. ಅದಕ್ಕೆ ಮದ್ದಿಲ್ಲ. ಜೆಲ್ ಪೆನ್ನಿನ ಶಾಯಿ ಅಂಥ ಹಾಳೆಯಲ್ಲಿ ಹರಡುತ್ತದೆ. ಜುಲೈ, ಆಗಸ್ಟಿನಲ್ಲಿ ಬಾಲ್ ಪೆನ್ನೇ ಸೈ.

ದೀಪಕ್ಕೆ ಬರುತ್ತೇನೆ. ಇದರಲ್ಲಿ ನಾನು ಎರಡು ಸಲ ದುಡ್ಡು ಕಳೆದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಇಲ್ಲಿ ಮಳೆಗಾಲ ಅಂದರೆ ಕರೆಂಟಿಲ್ಲದ ಕಾಲ. ಮರ ಬೀಳುತ್ತದೆ, ತಂತಿ ಹರಿಯುತ್ತದೆ. ಪೇಟೆಯ ಅಂಗಡಿಯೊಂದರಲ್ಲಿ 850 ಕೊಟ್ಟು ಚಾರ್ಜ್ ಮಾಡುವ ಟೇಬಲ್ ಲ್ಯಾಂಪ್ ತಂದೆ. ಮುಟ್ಟಿದರೆ ಹತ್ತುತ್ತದೆ, ಮತ್ತೆ ಮುಟ್ಟಿದರೆ ಜಾಸ್ತಿಯಾಗುತ್ತದೆ. ಡಬ್ಬಿಯ ಮೇಲೆ ಎಂಟು ಗಂಟೆ ಅಂತ ಬರೆದಿತ್ತು. ಓದುವಷ್ಟು ಬೆಳಕು ಇಟ್ಟರೆ ಎರಡು ಗಂಟೆಗೆ ಕಣ್ಣು ಮುಚ್ಚಿತು. ಒಳಗಿನ ಬ್ಯಾಟರಿ 1,200 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿದಿಡುತ್ತದೆ ಅನ್ನುವ ಅಳತೆ), ಅಂದರೆ ಸ್ಮಾರ್ಟ್‌ಫೋನಿನದ್ದಕ್ಕಿಂತ ತುಂಬ ಕಡಿಮೆ. ಎಂಟು ಗಂಟೆ ಸುಳ್ಳಲ್ಲ. ಅದು ದೇವರ ಮುಂದಿನ ದೀಪದಷ್ಟು ಮಿಣಿಮಿಣಿ ಇಟ್ಟಾಗಿನ ಲೆಕ್ಕ. ಡಬ್ಬಿಯಲ್ಲಿ ಗಂಟೆ ನೋಡಬೇಡಿ, ಬ್ಯಾಟರಿಯ ಎಂಎಎಚ್ ನೋಡಿ.

ಇನ್ನೊಂದು ಪರೀಕ್ಷೆ ತಮ್ಮ ಹೇಳಿಕೊಟ್ಟದ್ದು. ಅಂಗಡಿಯಲ್ಲೇ ಮೊಬೈಲ್ ಕ್ಯಾಮೆರಾ ತೆರೆದು ದೀಪಕ್ಕೆ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದರೆ ಆ ದೀಪ ಒಂದೇ ಸಮನೆ ಮಿಣುಕುತ್ತಿದೆ ಅಂತ ಅರ್ಥ. ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಕೆಲವರಿಗೆ ತಲೆನೋವು ತರುತ್ತದೆ. ನನ್ನ 850 ರೂಪಾಯಿಯ ದೀಪದಲ್ಲಿ ಪಟ್ಟಿಗಳ ಮೆರವಣಿಗೆಯೇ ಇತ್ತು.

ಕೊನೆಗೆ ನಿಂತದ್ದು ಹಳೆ ಕಾಲದ ತಗಡಿನ ಟೋಪಿಯ, ಕತ್ತು ಬಗ್ಗಿಸುವ ದೀಪ. ಅದಕ್ಕೆ 9 ವಾಟಿನ ಎಲ್ಇಡಿ ಬಲ್ಬು. ಮನೆಯ ಇನ್ವರ್ಟರಿನಿಂದ ಮೆತ್ತಿಗೆ ಬೇರೆಯೇ ಒಂದು ಲೈನು ಎಳೆಸಿದೆವು. 9 ವಾಟು ಇನ್ವರ್ಟರಿಗೆ ಏನೂ ಅಲ್ಲ, ರಾತ್ರಿಯಿಡೀ ಉರಿದರೂ ಸೈ. ಟಿವಿಯನ್ನು ಇನ್ವರ್ಟರಿನಿಂದ ತಪ್ಪಿಸಿದ್ದಕ್ಕೆ ಮನೆಯಲ್ಲಿ ಎರಡು ದಿನ ಮೌನವ್ರತ ನಡೆಯಿತು. ಬಲ್ಬಿನ ಮೇಲೆ 6,500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತಿದ್ದರೆ ಅದು ಸುಣ್ಣದ ಹಾಗೆ ಬಿಳಿ. 4,000 ಕೆ ಅಂತಿರುವುದು ಬೆಳಗಿನ ಎಂಟು ಗಂಟೆಯ ಬೆಳಕಿನ ಹಾಗೆ ಹಿತ. ನಮ್ಮದು 4,000. ಬೆಳಕು ಅಳೆಯುವ ಆ್ಯಪ್ ಹಾಕಿ ನೋಡಿದೆವು. ಕೋಣೆಯ ನಡುವಿನ ಟ್ಯೂಬ್‌ಲೈಟಿನಿಂದ ಮೇಜಿನ ಮೇಲೆ ಬೀಳುತ್ತಿದ್ದದ್ದು 70 ಲಕ್ಸ್. ಓದಲು ಬರೆಯಲು 300ರಿಂದ 500 ಬೇಕು ಅನ್ನುತ್ತಾರೆ. ದೀಪ ಬಗ್ಗಿಸಿಟ್ಟರೆ 420 ತೋರಿಸಿತು. ಫೋನಿನ ಅಳತೆ ಹೆಚ್ಚುಕಡಿಮೆ ಇರಬಹುದು, ಆದರೆ 70ಕ್ಕೂ 420ಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ದೀಪ ದೂರ ಹೋದಷ್ಟೂ ಬೆಳಕು ಸರ್ರನೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಇದನ್ನು ನನಗೆ ಹೇಳಿದ್ದು ಮಗಳು, ವಿಜ್ಞಾನದ ಪುಸ್ತಕ ಮುಂದಿಟ್ಟುಕೊಂಡು.

ಮತ್ತೆ ಈ ಎಡ ಬಲದ ಕತೆ. ದೀಪ ಎಡಗಡೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಭಕ್ತಿಯಿಂದ ಎಡಗಡೆಯೇ ಇಟ್ಟೆ. ಎರಡನೇ ದಿನ ಮೇಲಿಂದ ಕೂಗು ಬಂತು: "ಆಯೀ, ಕೈ ನೆರಳೇ ಅಕ್ಷರದ ಮೇಲೆ ಬೀಳ್ತು!" ನನ್ನ ಮಗಳು ಎಡಗೈಲಿ ಬರೆಯುವವಳು. ಹದಿನೈದು ವರ್ಷದಿಂದ ಸಾಕಿದ್ದೇನೆ. ದೀಪ ಇಡುವಾಗ ನೆನಪಾಗಲಿಲ್ಲ. ಆಚಾರ್ರು ಮಾತ್ರ ಮೊದಲ ದಿನವೇ ಅದನ್ನು ನೋಡಿ, ಡ್ರಾಯರನ್ನು ಬಲಕ್ಕೆ ಇಟ್ಟಿದ್ದರು. ಬರೆಯುತ್ತಿರುವಾಗ ಇನ್ನೊಂದು ಕೈಯಲ್ಲಿ ತೆಗೆಯಬಹುದು ಅಂತ.

ಕುರ್ಚಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 3,800 ಕೊಟ್ಟು ತಂದ ತಿರುಗುವ ಕುರ್ಚಿ ನಮ್ಮ ಮೆತ್ತಿನ ಹಲಗೆ ನೆಲದ ಮೇಲೆ ಅದಾಗಿಯೇ ಉತ್ತರದ ಗೋಡೆಗೆ ಉರುಳಿಕೊಂಡು ಹೋಗುತ್ತದೆ. ನೂರು ವರ್ಷದ ಮನೆ, ನೆಲ ಸ್ವಲ್ಪ ವಾಲಿದೆ. ಈಗ ಅದರಲ್ಲಿ ನಮ್ಮನೆಯವರು ಕೂತು ಪೇಪರ್ ಓದುತ್ತಾರೆ. ಮಗಳಿಗೆ ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿ, ಅದಕ್ಕೊಂದು ಹತ್ತಿಯ ದಿಂಬು, ಕಾಲಿಡಲು ಹಳೆ ಊಟದ ಮಣೆ. ಮಣೆ ಇಟ್ಟ ಮೇಲೆ ಕಾಲು ಜೋಮು ಹಿಡಿಯುವುದು ನಿಂತಿದೆ.

ಇನ್ನು ದೂರುಗಳು. ಮೇಜು ಸಿಕ್ಕಾಪಟ್ಟೆ ಭಾರ. ಮೆತ್ತಿನ ಮೆಟ್ಟಿಲು ಕಿರಿದು, ಮಾಡಿದ ಮೇಜು ಹತ್ತಲಿಲ್ಲ. ಬಿಚ್ಚಿ, ಮೇಲೆ ಒಯ್ದು, ಮತ್ತೆ ಜೋಡಿಸಲು ಅರ್ಧ ದಿನ ಹೋಯಿತು. ಮೊದಲೇ ಮೆಟ್ಟಿಲು ಅಳೆಯಬೇಕಿತ್ತು. ಮಗುವನ್ನು ಅಳೆದ ಆಚಾರ್ರು ಮೆಟ್ಟಿಲು ಅಳೆಯಲು ಮರೆತರು. ಹಲಗೆಯಲ್ಲಿ ಒಂದು ಗಂಟು ಇದೆ, ಅದರ ಮೇಲೆ ಒಂದೇ ಹಾಳೆ ಇಟ್ಟು ಬರೆದರೆ ಪೆನ್ನು ತಡವರಿಸುತ್ತದೆ. ಕೆಳಗೆ ರಟ್ಟು ಇಟ್ಟುಕೊಳ್ಳಬೇಕು. ಇನ್ನು ಏಪ್ರಿಲಿನಲ್ಲಿ ಹೆಂಚಿನ ಕೆಳಗಿನ ಸೆಕೆಗೆ ಅಲ್ಲಿ ಮಧ್ಯಾಹ್ನ ಕೂರಲು ಆಗುವುದೇ ಇಲ್ಲ. ಪರೀಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ ಅನ್ನುವ ಧೈರ್ಯ. ಜಾತ್ರೆ ವರ್ಷವಾದರೆ ಬೇರೆ ಗತಿ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸರಿಯಾಗಿ ಪರೀಕ್ಷೆಯ ಹೊಸ್ತಿಲಲ್ಲೇ ಬರುತ್ತದೆ. ಒಂಬತ್ತು ದಿನ ಮನೆ ತುಂಬ ನೆಂಟರು, ಜಾತ್ರೆ ನಡೆಯುವ ಬಿಡಕಿಬೈಲಿನ ತಿರುಗುವ ತೊಟ್ಟಿಲು, ಮಿಠಾಯಿ. ಅದಕ್ಕೆ ಯಾವ ಆಚಾರ್ರೂ ಮೇಜು ಮಾಡಿಕೊಡಲಾರರು.

ಬಾಡಿಗೆ ಮನೆಯಲ್ಲಿ ಇರುವವರು, ಎರಡು ವರ್ಷಕ್ಕೊಮ್ಮೆ ವರ್ಗವಾಗುವ ನೌಕರಿಯವರು ಇಂಥ ಮೇಜು ಮಾಡಿಸಬೇಡಿ, ಹೊರಲಾರಿರಿ. ಕಾರವಾರದಲ್ಲಿರುವ ನನ್ನ ಚಿಕ್ಕಮ್ಮನ ಮಗ ಪ್ಲೈವುಡ್ಡಿನಲ್ಲಿ ಮಾಡಿಸಿದ್ದಾನೆ. ಸಮುದ್ರದ ಗಾಳಿಗೆ ಅವನ ಮನೆಯ ಕಬ್ಬಿಣದ ಮಡಚುವ ಮೇಜು ತುಕ್ಕು ಹಿಡಿದು ಹೋಗಿತ್ತು. ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆ ಓದಿ. ಐಎಸ್ 710 ಅಂತಿದ್ದರೆ ನೀರು ತಡೆಯುವ ಮರೈನ್ ಜಾತಿಯದ್ದು. ಎಂಆರ್, ಅಂದರೆ ಬರೀ ತೇವ ತಡೆಯುವುದು, ಅಂತಿರುವುದು ಅಗ್ಗ. ಅದು ಬಯಲುಸೀಮೆಗೆ ಸಾಕು, ನಮ್ಮ ಕಡೆಗೆ ಸಾಲದು. ಅಂಚಿಗೆ ಮರೆಯದೆ ಪಟ್ಟಿ ಹೊಡೆಸಿ. ಎತ್ತರ ಮಾತ್ರ ಅಂಗಡಿಯವರನ್ನು ಕೇಳಬೇಡಿ, ಮಗುವಿನ ಮೊಣಕೈಯನ್ನು ಕೇಳಿ.

ಮಗಳ ಅಭಿಪ್ರಾಯವನ್ನೂ ಬರೆಯಬೇಕಲ್ಲ. ಕೇಳಿದೆ. "ಅಡ್ಡಿಲ್ಲೆ" ಅಂದಳು. ಹೊರಗಿನವರಿಗೆ ಇದು ತೀರಾ ಸಾಧಾರಣ ಅಂತ ಕೇಳಿಸಬಹುದು. ನಮ್ಮ ಕಡೆ ಮದುವೆಗೆ ಹುಡುಗ ಒಪ್ಪಿಗೆಯಾದರೂ, ಊಟಕ್ಕೆ ಹೋಳಿಗೆ ಎಷ್ಟೇ ಚೆನ್ನಾಗಿದ್ದರೂ ಬರುವ ಮಾತು ಅದೊಂದೇ. ಹದಿನೈದು ವರ್ಷದವರ ಬಾಯಲ್ಲಿ ಬಂದರೆ ಐದಕ್ಕೆ ಐದು ನಕ್ಷತ್ರ ಅಂತ ತಿಳಿಯಿರಿ.

ಡ್ರಾಯರಿನ ಕತೆ ಉಳಿಯಿತು. ಜುಲೈ ಎರಡನೇ ವಾರ ಅದು ಹಿಗ್ಗಿ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ, ಗುದ್ದಿದರೂ ಬರಲಿಲ್ಲ. ಆಚಾರ್ರಿಗೆ ಫೋನ್ ಮಾಡಿ, ಬಂದು ಸ್ವಲ್ಪ ಕೀಸುಳಿ ಹಾಕಿ ಕೊಡಿ ಅಂದೆ. "ಈಗ ಕೀಸಿದ್ರೆ ಬೇಸಿಗೆಲಿ ಗಡಗಡ ಅಂತದೆ ಅಮ್ಮಾ. ದೀಪಾವಳಿವರೆಗೆ ಮುಟ್ಬೇಡಿ" ಅಂದರು. ಬರಲು ಸೋಮಾರಿತನ ಅಂದುಕೊಂಡು ನಾನು ಗೊಣಗಿದೆ. ದೀಪಾವಳಿಯ ಮರುವಾರ ಮೇಜು ಒರೆಸುವಾಗ ಸುಮ್ನೆ ಬೆರಳು ತಾಗಿಸಿದೆ, ಡ್ರಾಯರ್ ಮೆಲ್ಲಗೆ ಹೊರಗೆ ಬಂತು. ಒಳಗೆ ಅವಳ ಕಂಪಾಸ್ ಬಾಕ್ಸ್ ಇತ್ತು. ಶಾಲೆಯಲ್ಲಿ ಯಾರೋ ಕದ್ದರು ಅಂತ ಅಳುತ್ತಾ ಬಂದು, ಆಗಸ್ಟಿನಲ್ಲಿ 180 ರೂಪಾಯಿಗೆ ಹೊಸದು ಕೊಡಿಸಿಕೊಂಡಿದ್ದಳು.